ತತ್ತ್ವನಿಷ್ಠ ರಾಜಕಾರಣಿಗೆ ನುಡಿನಮನ: ಮುಂಬಯಿಯ ಕನ್ನಡ ಸಂಘಗಳಿಗೊಂದು ಕೈಪಿಡಿ

ರಾಜಕಾರಣದಲ್ಲಿದ್ದೂ ನೇರವಾಗಿ ಬದುಕಿದ ಹಿರಿಯರೊಬ್ಬರು ತೀರಿಕೊಂಡಾಗ ಮುಂಬಯಿಯ ನಮ್ಮ ಸಂಘಗಳು ತಪ್ಪದೆ ಸಂತಾಪ ಸಭೆ ಸೇರಿಸುತ್ತವೆ. ಭಾವಚಿತ್ರಕ್ಕೆ ಹಾರ, ದೀಪ, ಒಂದು ನಿಮಿಷದ ಮೌನ, ಆರೇಳು ಭಾಷಣ, ವಂದನಾರ್ಪಣೆ ಎಂಬ ಕ್ರಮದಲ್ಲಿ ಸಭೆ ನಡೆದು ಮುಗಿಯುತ್ತದೆ. ಸಜ್ಜನರು, ಸರಳರು, ಅಜಾತಶತ್ರು ಎಂಬ ಮಾತುಗಳು ಹೇರಳವಾಗಿ ಕೇಳಿಬರುತ್ತವೆ. ಆದರೆ ಆ ಹಿರಿಯರು ಯಾವ ವರ್ಷ, ಯಾವ ಪ್ರಶ್ನೆಯಲ್ಲಿ, ಏನನ್ನು ಬಿಟ್ಟುಕೊಟ್ಟು ತಮ್ಮ ನಿಲುವನ್ನು ಉಳಿಸಿಕೊಂಡರು ಎಂಬುದು ಸಭಿಕರಿಗೆ ತಿಳಿಯದೇ ಹೋಗುತ್ತದೆ. ಗುಣವಾಚಕಗಳನ್ನು ಯಾರಿಗೆ ಬೇಕಾದರೂ ಅಂಟಿಸಬಹುದಾದ್ದರಿಂದ ತತ್ತ್ವನಿಷ್ಠರನ್ನು ಅವರ ನಿರ್ಧಾರಗಳ ಮೂಲಕವೇ ನೆನೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ನೆನೆಯುವ ಸಭೆಯೊಂದನ್ನು ಸಿದ್ಧಪಡಿಸುವ ಬಗೆಯನ್ನು ಸಮಾಜವಾದಿ ನಾಯಕರೂ ಹಿಂದಿನ ರೈಲ್ವೆ ಮಂತ್ರಿಯೂ ಆಗಿದ್ದ ಮಧು ದಂಡವತೆಯವರನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಅವರು 2005ರ ನವೆಂಬರ್ 12ರಂದು ಮುಂಬಯಿಯಲ್ಲಿ ತೀರಿಕೊಂಡರು. ಈ ನಗರದ ತುಳು-ಕನ್ನಡಿಗರು ಊರಿಗೆ ಹೋಗುವ ಕೊಂಕಣ ರೈಲ್ವೆಯ ದಾರಿಯೊಂದಿಗೆ ಅವರ ಹೆಸರು ಬೆಸೆದುಕೊಂಡಿರುವುದರಿಂದ ಅವರನ್ನು ನೆನೆಯುವ ಹಕ್ಕೂ ಹೊಣೆಯೂ ನಮಗಿದೆ.

ಸಭೆಯ ದಿನವನ್ನು ಗೊತ್ತುಮಾಡುವ ಮೊದಲು ದಾಖಲೆಗಳನ್ನು ಕೂಡಿಹಾಕಿ. ಲೋಕಸಭೆಯ ಚರ್ಚೆಗಳೂ ಬಜೆಟ್ ಭಾಷಣಗಳೂ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ಸದಸ್ಯರ ಹೆಸರಿನಿಂದ ಹುಡುಕಿ, ದಿನಾಂಕದೊಂದಿಗೆ ಪುಟಗಳನ್ನು ಇಳಿಸಿಕೊಳ್ಳಬಹುದು. ಹಳೆಯ ಪತ್ರಿಕೆಗಳಿಗಾಗಿ ಕೋಟೆ ಪ್ರದೇಶದ ಟೌನ್‌ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ವಿಚಾರಿಸಿ. ಮರಾಠಿ ಪತ್ರಿಕೆಗಳನ್ನು ಬಿಡಲೇಬಾರದು. ಮಹಾರಾಷ್ಟ್ರದ ಸಮಾಜವಾದಿ ನಾಯಕರ ಬದುಕಿನ ಬಹುಭಾಗ ಮರಾಠಿಯಲ್ಲಿಯೇ ದಾಖಲಾಗಿದೆ. ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಮರಾಠಿಯನ್ನು ಸಲೀಸಾಗಿ ಓದಬಲ್ಲರಾದ್ದರಿಂದ, ಬೆಂಗಳೂರಿನವರಿಗೂ ಧಾರವಾಡದವರಿಗೂ ಸುಲಭವಾಗಿ ದಕ್ಕದ ಸಂಗತಿಗಳನ್ನು ಕನ್ನಡಕ್ಕೆ ತರುವ ಅವಕಾಶ ನಮಗೆ ಸಹಜವಾಗಿಯೇ ಒದಗಿದೆ. ನಾಯಕರು ತೀರಿಕೊಂಡ ದಿನದಿಂದಲೇ ವಾಟ್ಸಾಪಿನಲ್ಲಿ ಅವರ ಹೆಸರು ಹೊತ್ತ ನುಡಿಮುತ್ತುಗಳು ಹರಿದಾಡತೊಡಗುತ್ತವೆ. ಎಲ್ಲಿ, ಯಾವಾಗ ಹೇಳಿದ್ದೆಂದು ತೋರಿಸಲಾಗದ ಒಂದು ಸಾಲನ್ನೂ ಆಮಂತ್ರಣ ಪತ್ರಿಕೆಯಲ್ಲಾಗಲಿ ಫ್ಲೆಕ್ಸ್‌ನಲ್ಲಾಗಲಿ ಹಾಕಬೇಡಿ.

ದಾಖಲೆಗಳು ಕೈಗೆ ಬಂದ ಮೇಲೆ ಒಂದು ಜೀವನಪಟ ಬರೆಯಿರಿ. ಅದು ಎರಡು ಪುಟ ಮೀರದಿರಲಿ, ಪ್ರತಿ ಸಾಲಿಗೂ ಆಧಾರವಿರಲಿ. ದಂಡವತೆಯವರ ಮಟ್ಟಿಗೆ ಅದು ಹೀಗೆ ಸಾಗಬಹುದು: 1924ರ ಜನವರಿ 21ರಂದು ಅಹಮದ್‌ನಗರದಲ್ಲಿ ಜನನ, ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪನ, 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹ, 1971ರಿಂದ ಸತತ ಐದು ಬಾರಿ ಕೊಂಕಣದ ರಾಜಾಪುರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆ, 1977ರಿಂದ 1979ರವರೆಗೆ ರೈಲ್ವೆ ಮಂತ್ರಿ, 1989ರ ಕೊನೆಯಿಂದ 1990ರವರೆಗೆ ಹಣಕಾಸು ಮಂತ್ರಿ, 1991ರ ಚುನಾವಣೆಯಲ್ಲಿ ಅದೇ ರಾಜಾಪುರದಲ್ಲಿ ಸೋಲು. ಸೋಲನ್ನು ಜೀವನಪಟದಿಂದ ತೆಗೆದುಹಾಕುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಕು, ಏಕೆಂದರೆ ಸೋತ ಮೇಲೂ ಮನುಷ್ಯ ಅದೇ ಮಾತನ್ನು ಆಡುತ್ತಿದ್ದನೇ ಎಂಬುದರಿಂದಲೇ ಅವನ ತತ್ತ್ವನಿಷ್ಠೆಯ ಅರ್ಧ ಪರೀಕ್ಷೆ ಆಗಿಬಿಡುತ್ತದೆ.

ಮುಂದಿನ ಕೆಲಸಕ್ಕೆ ಹೆಚ್ಚು ಸಮಯ ಮೀಸಲಿಡಬೇಕು, ಸಭೆಯ ಹುರುಳೆಲ್ಲ ಅದರಲ್ಲಿಯೇ ಇದೆ. ಇಡೀ ಬದುಕಿನಿಂದ ಎರಡು ಅಥವಾ ಮೂರು ನಿರ್ಧಾರಗಳನ್ನಷ್ಟೇ ಆರಿಸಿಕೊಳ್ಳಿ. ಪ್ರತಿಯೊಂದನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಿ: ಅವರು ಬೇರೆ ದಾರಿ ಹಿಡಿದಿದ್ದರೆ ಅವರಿಗೆ ಏನು ಸಿಗುತ್ತಿತ್ತು? ಏನೂ ಸಿಗುತ್ತಿರಲಿಲ್ಲ ಎಂದಾದರೆ ಅದು ಒಳ್ಳೆಯ ಕೆಲಸವಾಗಿರಬಹುದು, ತತ್ತ್ವದ ಪರೀಕ್ಷೆಯಾಗಿರಲಾರದು. ಈ ಒರೆಗೆ ಸಿಗುವ ಸ್ಪಷ್ಟ ನಿದರ್ಶನ ಪುಣೆಯಲ್ಲಿ ಹುಟ್ಟಿದ ಸಮಾಜವಾದಿ ಸಂಸದ ಮಧು ಲಿಮಯೆಯವರದು. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ ಲೋಕಸಭೆಯ ಅವಧಿಯನ್ನು ಒಂದು ವರ್ಷ ವಿಸ್ತರಿಸಿದಾಗ, ಜನ ತಮ್ಮನ್ನು ಆರಿಸಿದ್ದು ಐದು ವರ್ಷಕ್ಕೆ ಮಾತ್ರ ಎಂಬ ಕಾರಣಕ್ಕೆ ಜೈಲಿನಲ್ಲಿದ್ದ ಲಿಮಯೆ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಶರದ್ ಯಾದವ್ ಕೂಡ ಹಾಗೆಯೇ ಮಾಡಿದರು. ಸುಮ್ಮನಿದ್ದಿದ್ದರೆ ಸ್ಥಾನ ಉಳಿಯುತ್ತಿತ್ತು. ಇಂಥ ಒಂದು ಸಂಗತಿಯನ್ನು ಹಿನ್ನೆಲೆಯೊಂದಿಗೆ ಬಿಡಿಸಿ ಹೇಳಿದರೆ ಸಾಕು, ಮೇಲೆ ವಿಶೇಷಣ ಸೇರಿಸುವ ಅಗತ್ಯವೇ ಬೀಳುವುದಿಲ್ಲ.

ದಂಡವತೆಯವರ ವಿಷಯದಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ಅವರ ಸೆರೆವಾಸ, ಅದರಲ್ಲಿ ಕರ್ನಾಟಕದ ನಂಟೂ ಇದೆ. ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅವರನ್ನು, ತುರ್ತು ಪರಿಸ್ಥಿತಿ ಘೋಷಣೆಯಾದಾಗ, 1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ ಮತ್ತು ಶ್ಯಾಮನಂದನ ಮಿಶ್ರ ಅವರೊಂದಿಗೆ ಬಂಧಿಸಿ ಅಲ್ಲಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಇಂದಿನ ಸ್ವಾತಂತ್ರ್ಯ ಉದ್ಯಾನವೇ ಆ ಜಾಗ. ಪತ್ನಿ ಪ್ರಮೀಳಾ ದಂಡವತೆ ಪುಣೆಯ ಯರವಡಾ ಜೈಲಿನಲ್ಲಿದ್ದರು. ಇಬ್ಬರೂ ಪರಸ್ಪರ ಪತ್ರ ಬರೆದುಕೊಳ್ಳುತ್ತಿದ್ದರು. ಸಭೆಯಲ್ಲಿ ಇದನ್ನು ಹೇಳುವಾಗ ಪ್ರಮೀಳಾ ಅವರನ್ನು ಗಂಡನ ನೆರಳಾಗಿ ತೋರಿಸಕೂಡದು. ಅವರು ಸ್ವತಃ ಸಮಾಜವಾದಿ ಕಾರ್ಯಕರ್ತೆ, 1980ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಗೆದ್ದವರು.

ಎರಡನೆಯದು ಅವರ ರೈಲ್ವೆ ಖಾತೆಯ ದಿನಗಳು. 1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡಿದ್ದ ನೌಕರರನ್ನು ಅವರು ಮರಳಿ ಸೇರಿಸಿಕೊಂಡರು. ಬರಿಯ ಮರದ ಹಲಗೆಗಳಾಗಿದ್ದ ಎರಡನೆಯ ದರ್ಜೆಯ ಬರ್ತುಗಳಿಗೆ ಫೋಮ್ ಮೆತ್ತೆ ಬಂದದ್ದು ಅವರ ಕಾಲದಲ್ಲಿ. ಮೊದಲ ದರ್ಜೆಯನ್ನು ಕೆಳಗಿಳಿಸುವುದು ಅವರ ಉದ್ದೇಶವಾಗಿರಲಿಲ್ಲ, ಎರಡನೆಯ ದರ್ಜೆಯನ್ನು ಮೇಲೆತ್ತಬೇಕೆಂಬುದು ಅವರ ಹಂಬಲವಾಗಿತ್ತು. 1977ರ ಡಿಸೆಂಬರಿನಲ್ಲಿ ಮುಂಬಯಿ–ಹೌರಾ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್ ದರ್ಜೆಭೇದವಿಲ್ಲದ ರೈಲಾಗಿತ್ತು. ಇದನ್ನು ಹೇಳುವಾಗ ಸಭೆಯಲ್ಲಿ ಕುಳಿತ ಹಿರಿಯರೊಬ್ಬರಿಗೆ ಮಾತನಾಡಲು ಬಿಡಿ. ಹಲಗೆಯ ಮೇಲೆ ಎರಡು ರಾತ್ರಿ ಮಲಗಿ ಬಂದವರ ಎರಡು ಮಾತು ಪ್ರಾಧ್ಯಾಪಕರ ಉಪನ್ಯಾಸಕ್ಕಿಂತ ಹೆಚ್ಚು ತಿಳಿಸುತ್ತದೆ.

ಕೊಂಕಣ ರೈಲ್ವೆಯ ವಿಷಯ ಬಂದಾಗ ವಿಶೇಷ ಎಚ್ಚರ ಬೇಕು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ 741 ಕಿಲೋಮೀಟರ್ ಹಾದಿ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಮೇಲೆ, ಘಟ್ಟ ಹತ್ತಿಳಿಯುವ ಬಸ್ಸನ್ನೇ ನೆಚ್ಚಿದ್ದ ಕರಾವಳಿಯವರಿಗೆ ಊರು ಹತ್ತಿರವಾಯಿತು. ಈ ಹಾದಿಯ ಮತ್ಸ್ಯಗಂಧ ರೈಲಿನಲ್ಲಿ ಪಯಣಿಸುವ ಪ್ರತಿಯೊಬ್ಬರಿಗೂ ಇದರ ಬೆಲೆ ಗೊತ್ತು. ಹಾಗೆಂದು ಈ ಹಾದಿಯನ್ನು ದಂಡವತೆಯವರೊಬ್ಬರೇ ತಂದರೆಂದು ಘೋಷಿಸುವುದು ಸಲ್ಲದು. ಸಂಸದರಾಗಿಯೂ ಮಂತ್ರಿಯಾಗಿಯೂ ಅವರು ಪಟ್ಟುಹಿಡಿದು ಬೇಡಿಕೆಯನ್ನು ಜೀವಂತವಾಗಿಟ್ಟರು. 1990ರಲ್ಲಿ ನಿಗಮ ಸ್ಥಾಪನೆಯಾದಾಗ ರೈಲ್ವೆ ಖಾತೆ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅವರ ಕೈಯಲ್ಲಿತ್ತು, ಹಣಕಾಸು ದಂಡವತೆಯವರ ಕೈಯಲ್ಲಿತ್ತು. ಹಾದಿ ಕಟ್ಟುವ ಹೊಣೆ ಹೊತ್ತವರು ಇ. ಶ್ರೀಧರನ್. ಯಾರ ಪಾಲು ಎಷ್ಟೆಂದು ಸರಿಯಾಗಿ ಹೇಳುವುದೇ ಸತ್ತವರಿಗೆ ಸಲ್ಲಿಸುವ ಗೌರವ.

ಟೀಕೆಗೂ ಜಾಗವಿರಲಿ. ತೀರಿಕೊಂಡ ಹದಿನೈದು ದಿನಗಳೊಳಗೆ ನಡೆಯುವ ಸಭೆಯಲ್ಲಿ ಮನೆಯವರ ದುಃಖವನ್ನು ಗಮನಿಸಿ ಮಾತನ್ನು ತಗ್ಗಿಸಬೇಕಾದೀತು, ಪುಣ್ಯತಿಥಿಯ ಸಭೆಗೆ ಆ ಕಟ್ಟುಪಾಡು ಇಲ್ಲ. ದಂಡವತೆಯವರು ಹಣಕಾಸು ಮಂತ್ರಿಯಾಗಿದ್ದಾಗ ರೈತರ ಹತ್ತು ಸಾವಿರ ರೂಪಾಯಿವರೆಗಿನ ಸಾಲ ಮನ್ನಾ ಮಾಡುವ ಯೋಜನೆ ಬಂತು. ಅದು ಬ್ಯಾಂಕುಗಳ ಶಿಸ್ತನ್ನು ಕೆಡಿಸಿತೆಂದು ಆಗಲೂ ಈಗಲೂ ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ, ನೊಂದ ರೈತನಿಗೆ ಉಸಿರಾಡಲು ಬಿಟ್ಟಿತೆಂದು ಹೇಳುವವರೂ ಇದ್ದಾರೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಮುಂಬಯಿಯಲ್ಲಿ ಧಾರಾಳವಾಗಿದ್ದಾರೆ. ಅವರಲ್ಲೊಬ್ಬರಿಗೆ ಈ ಪ್ರಶ್ನೆಯನ್ನು ಒಪ್ಪಿಸಿ. ಬೇರೆ ಪಕ್ಷದಲ್ಲಿದ್ದು ಅವರನ್ನು ಎದುರಿಸಿದವರೊಬ್ಬರು ವೇದಿಕೆಯ ಮೇಲಿದ್ದರೆ ಇನ್ನೂ ಒಳಿತು. ಎದುರಾಳಿಯ ಬಾಯಿಂದ ಬರುವ ಮೆಚ್ಚುಗೆಗೆ ತೂಕ ಹೆಚ್ಚು, ಅವರ ಆಕ್ಷೇಪದಿಂದಲೂ ಸಭಿಕರು ಕಲಿಯುತ್ತಾರೆ.

ಸಭೆಯ ಏರ್ಪಾಟು ಸರಳವಾಗಿರಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ ಮಧ್ಯ ರೈಲ್ವೆಯ ಕಡೆಯವರಿಗೆ ಅನುಕೂಲ, ಮಾಹೀಮಿನ ಕರ್ನಾಟಕ ಸಂಘ ಪಶ್ಚಿಮ ರೈಲ್ವೆಯವರಿಗೆ ಹತ್ತಿರ. ಭಾನುವಾರ ಸಂಜೆ ಐದರಿಂದ ಏಳರವರೆಗೆ ಇಟ್ಟುಕೊಂಡು, ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವ ಮೆಗಾಬ್ಲಾಕ್ ಅಂದು ಯಾವ ಮಾರ್ಗದಲ್ಲಿದೆಯೆಂದು ಮೊದಲೇ ತಿಳಿದು ಸದಸ್ಯರಿಗೆ ಸಂದೇಶ ಕಳುಹಿಸಿ. ಮೂವರಿಗಿಂತ ಹೆಚ್ಚು ಭಾಷಣಕಾರರು ಬೇಡ. ಒಬ್ಬೊಬ್ಬರಿಗೂ ಹದಿನೈದು ನಿಮಿಷ, ಒಬ್ಬೊಬ್ಬರಿಗೂ ಒಂದೊಂದು ನಿರ್ಧಾರ ಎಂದು ಮುಂಚಿತವಾಗಿ ಹಂಚಿಬಿಡಿ. ಮರಾಠಿ ಅತಿಥಿಗಳು ಮರಾಠಿಯಲ್ಲಿಯೇ ಮಾತನಾಡಲಿ, ನಿರೂಪಕರು ಸಾರವನ್ನು ಕನ್ನಡದಲ್ಲಿ ಹೇಳಲಿ. ವಿದ್ಯಾರ್ಥಿಯೊಬ್ಬರು ಸಂಸತ್ತಿನ ಭಾಷಣದ ಒಂದು ಪುಟವನ್ನು ಕನ್ನಡಕ್ಕೆ ತಂದು ಓದಲಿ. ಶಾಲು, ಸ್ಮರಣಿಕೆ, ಗಣ್ಯರ ಸನ್ಮಾನ ಈ ಸಭೆಗೆ ಒಪ್ಪುವುದಿಲ್ಲ. ಹಾಲಿ ಶಾಸಕರನ್ನೋ ನಗರಸೇವಕರನ್ನೋ ಆಹ್ವಾನಿಸಬಾರದೆಂದೇನಿಲ್ಲ, ಅವರು ಸಭಿಕರ ಸಾಲಿನಲ್ಲಿ ಕುಳಿತು ಕೇಳಲಿ. ಖರ್ಚನ್ನು ಸದಸ್ಯರ ಸಣ್ಣ ದೇಣಿಗೆಯಿಂದ ತೂಗಿಸಿ, ಲೆಕ್ಕವನ್ನು ಅಂದೇ ಸೂಚನಾ ಫಲಕಕ್ಕೆ ಹಾಕಿ. ಕೈ ಶುದ್ಧವಾಗಿಟ್ಟುಕೊಂಡವರ ಹೆಸರಿನಲ್ಲಿ ಗುತ್ತಿಗೆದಾರರ ಪ್ರಾಯೋಜಕತ್ವ ಪಡೆಯುವುದು ಅವರಿಗೆ ಬಗೆದ ದ್ರೋಹ.

ಸ್ಮಾರಕದ ಪ್ರಶ್ನೆಯೂ ಏಳುತ್ತದೆ. ದಂಡವತೆಯವರ ಇಚ್ಛೆಯಂತೆ ಅವರ ದೇಹವನ್ನು ಜೆ.ಜೆ. ಆಸ್ಪತ್ರೆಗೆ ದಾನ ಮಾಡಲಾಯಿತು, ಹೂವಿಡಲು ಸಮಾಧಿಯಿಲ್ಲ. ಅಂಥವರಿಗೆ ಪುತ್ಥಳಿಯ ಮಾತೆತ್ತುವ ಬದಲು, ಅದೇ ಸಭೆಯಲ್ಲಿ ದೇಹದಾನದ ಅರ್ಜಿಗಳನ್ನು ಇಡುವುದೂ ಸಂಘದಲ್ಲಿ ದತ್ತಿನಿಧಿಯೊಂದನ್ನು ಸ್ಥಾಪಿಸುವುದೂ ಹೆಚ್ಚು ಸೂಕ್ತ. ನಿಧಿಯ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ವಿಷಯವು ಅವರು ದುಡಿದ ಕ್ಷೇತ್ರದ್ದೇ ಆಗಿರಲಿ: ರೈಲು ಪ್ರಯಾಣಿಕರ ಕಷ್ಟ, ಸಂಸತ್ತಿನ ಕಲಾಪ, ವಿಚಾರಣೆಯಿಲ್ಲದ ಬಂಧನ. ಅರ್ಜಿ ತುಂಬುವವರು ಮೊದಲು ಮನೆಯವರೊಂದಿಗೆ ಮಾತನಾಡಬೇಕು, ಏಕೆಂದರೆ ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಗೆ ತಿಳಿಸಬೇಕಾದವರು ಅವರೇ.

ಸಭೆ ಮುಗಿದ ವಾರದೊಳಗೆ ಭಾಷಣಗಳ ಧ್ವನಿಮುದ್ರಣವನ್ನು ಬರಹಕ್ಕಿಳಿಸಿ, ಭಾಷಣಕಾರರಿಂದ ತಿದ್ದಿಸಿ, ಜೀವನಪಟದೊಂದಿಗೆ ಒಂದು ಕಿರುಹೊತ್ತಗೆ ಮಾಡಿ. ಒಂದೊಂದು ಪ್ರತಿಯನ್ನು ಸಂಘದ ಗ್ರಂಥಾಲಯಕ್ಕೂ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೂ ಕೊಡಿ. ಮರಾಠಿಯಲ್ಲಿ ಒಂದು ಪುಟದ ಸಾರಾಂಶ ಸೇರಿಸಿ ಇನ್ನೊಂದು ಪ್ರತಿಯನ್ನು ತೀರಿಕೊಂಡ ಹಿರಿಯರ ಮನೆಯವರಿಗೆ ಕಳುಹಿಸಿ.