ಜ್ವರವಿದ್ದರೂ ಹಾಲು ನಿಲ್ಲಿಸಲಿಲ್ಲ

ಮಗುವಿಗೆ ಆಗ ಎರಡೂವರೆ ತಿಂಗಳು. ಸಂಜೆ ಮೈಕೈ ನೋವು ಅಂತ ಮಲಗಿದವಳಿಗೆ ರಾತ್ರಿ ಹೊತ್ತಿಗೆ 102 ಡಿಗ್ರಿ ಜ್ವರ, ಜೊತೆಗೆ ಒಣ ಕೆಮ್ಮು. ಗಾಬರಿಯಲ್ಲಿ ಮಗುವನ್ನು ನನ್ನವರ ಕೈಗೆ ಕೊಟ್ಟು ಕೋಣೆಯ ಬಾಗಿಲು ಹಾಕಿಕೊಂಡೆ. ಬೆಳಗಾಗುವಷ್ಟರಲ್ಲಿ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ಆಚೆ ಮಗು ಬಾಟಲಿಯಲ್ಲಿ ಎರಡು ಗುಟುಕು ಕುಡಿದು ಮುಖ ತಿರುಗಿಸಿ ಅಳುತ್ತಿತ್ತು.

ಪರೀಕ್ಷೆ ಮಾಡಿದ ಡಾಕ್ಟರ್ ಫ್ಲೂ ಅಂದರು. ಹಾಲು ನಿಲ್ಲಿಸಿದ್ದೀನಿ ಅಂದಾಗ, "ಯಾಕಮ್ಮ? ಫ್ಲೂ ಹಾಲಿನಿಂದ ಬರಲ್ಲ. ನಿಮ್ಮ ಕೆಮ್ಮಿನಿಂದ, ಕೈಯಿಂದ ಬರುತ್ತೆ," ಅಂದರು. ನನ್ನ ಮೈ ರೋಗದ ವಿರುದ್ಧ ತಯಾರಿಸುವ ಪ್ರತಿಕಾಯಗಳು ಮಗುವಿಗೆ ಸಿಗುವುದೂ ಆ ಹಾಲಿನಲ್ಲೇ. ನಾನು ಅದನ್ನೇ ತಪ್ಪಿಸಲು ಹೊರಟಿದ್ದೆ ಅಲ್ವಾ ಅಂತ ತುಂಬಾ ನೋವಾಯಿತು.

ಅವತ್ತಿನಿಂದ ಒಂದೇ ಕ್ರಮ. ಮಗುವನ್ನು ಮುಟ್ಟುವ ಮೊದಲು ಸೋಪು ಹಾಕಿ 20 ಸೆಕೆಂಡು ಕೈ ತೊಳೆಯುವುದು. ಮೂಗು, ಬಾಯಿ ಎರಡೂ ಮುಚ್ಚುವ ಹಾಗೆ ಮಾಸ್ಕ್ ಹಾಕುವುದು. ಕೆಮ್ಮಿದ ಬಟ್ಟೆ ಬದಲಿಸಿ ಕೂರುವುದು. ಹಾಲೂಡಿಸುವಾಗ ಕೆಮ್ಮು ಬಂದರೆ ಮುಖವನ್ನು ಪೂರ್ತಿ ಆಚೆ ತಿರುಗಿಸುತ್ತಿದ್ದೆ. ಒದ್ದೆಯಾದ ಮಾಸ್ಕ್ ಕೂಡಲೇ ಬದಲಿಸುತ್ತಿದ್ದೆ. ಕಷ್ಟವಾಗಿದ್ದು ಮುದ್ದಿಸದೆ ಇರುವುದು. ಹಾಲು ಕುಡಿಯುತ್ತಾ ಮಗು ನನ್ನ ಕಣ್ಣನ್ನೇ ನೋಡುತ್ತಿತ್ತು, ಆಮೇಲೆ ಮಾಸ್ಕಿನ ಮೇಲೆ ಪುಟ್ಟ ಕೈ ಇಡುತ್ತಿತ್ತು. ಕುಡಿದು ಮುಗಿದ ತಕ್ಷಣ ತೇಗು ಬರಿಸಲು ನನ್ನವರ ಹೆಗಲಿಗೆ ದಾಟಿಸುತ್ತಿದ್ದೆ. ಮಗು ಮಲಗುತ್ತಿದ್ದದ್ದೂ ಅವರ ಕೋಣೆಯಲ್ಲೇ.

ಎರಡನೇ ದಿನ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಆಗ ಪಂಪ್‌ನಿಂದ ಹಾಲು ತೆಗೆದುಕೊಟ್ಟೆ, ಅವರು ಕುಡಿಸಿದರು. ಎರಡು ಮೂರು ಗಂಟೆಗೊಮ್ಮೆ ತೆಗೆಯಲೇಬೇಕು, ಇಲ್ಲದಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ, ಹಾಲೂ ಕಡಿಮೆಯಾಗುತ್ತದೆ. ಪ್ರತಿ ಸಲವೂ ಪಂಪಿನ ಭಾಗಗಳನ್ನು ಬಿಚ್ಚಿ ತೊಳೆಯುತ್ತಿದ್ದದ್ದು ಅವರೇ. ಜ್ವರದಲ್ಲಿ ಬಾಯಾರಿಕೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಪ್ರತಿ ಸಲ ಹಾಲು ಕೊಟ್ಟ ಮೇಲೆ ಒಂದು ದೊಡ್ಡ ಲೋಟ ನೀರು ಕುಡಿಯುವುದನ್ನು ರೂಢಿ ಮಾಡಿಕೊಂಡೆ.

ಔಷಧದ ಬಗ್ಗೆ ತುಂಬಾ ಹೆದರಿದ್ದೆ. ಡಾಕ್ಟರ್ ಕೊಟ್ಟಿದ್ದು ಫ್ಲೂ ವೈರಸ್ ವಿರುದ್ಧದ ಔಷಧ ಒಸೆಲ್ಟಾಮಿವಿರ್, ದಿನಕ್ಕೆ ಎರಡು ಸಲ, 5 ದಿನ. ಅದು ಹಾಲಿಗೆ ಸೇರುವುದು ತೀರಾ ಕಡಿಮೆ. ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಜಾಸ್ತಿ ಉಪಯೋಗ. ಜ್ವರಕ್ಕೆ ಪ್ಯಾರಾಸಿಟಮಾಲ್. ಮೂಗು ಕಟ್ಟಿದ್ದಕ್ಕೆ ಮನೆಯಲ್ಲಿದ್ದ ಮಾತ್ರೆ ತೋರಿಸಿದೆ. ಅದರಲ್ಲಿದ್ದ ಸ್ಯೂಡೋಎಫೆಡ್ರಿನ್ ಹಾಲನ್ನು ಕಡಿಮೆ ಮಾಡುತ್ತದಂತೆ, ಬೇಡವೇ ಬೇಡ ಅಂದರು. ಕೇಳದೆ ನುಂಗಿದ್ದರೆ? ಹಾಲೂಡಿಸುವವರು ಶೀತದ ಮಾತ್ರೆಯನ್ನೂ ಸುಮ್ನೆ ತಗೋಬೇಡಿ, ಹಾಲೂಡಿಸ್ತಿದ್ದೀನಿ ಅಂತ ಹೇಳಿ ಕೇಳಿ.

ಮಗುವಿನ ಮೇಲೆ ಒಂದು ಕಣ್ಣು ಇದ್ದೇ ಇತ್ತು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಸಿರಾಟ ಜೋರಾದರೂ, ಹಾಲು ಬಿಟ್ಟರೂ, ಮೂತ್ರ ಕಡಿಮೆಯಾದರೂ ಹಾಗೆಯೇ. ಎಷ್ಟು ಸಲ ಒದ್ದೆ ಮಾಡಿತು ಅಂತ ನನ್ನವರು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಡುತ್ತಿದ್ದರು. ದಿನಕ್ಕೆ ಆರು ಗೆರೆ ದಾಟಿದರೆ ನನಗೆ ನಿದ್ದೆ ಬರುತ್ತಿತ್ತು.

ಐದನೇ ದಿನ ಜ್ವರ ಬಿಟ್ಟಿತು. ಕೆಮ್ಮು ನಿಲ್ಲುವವರೆಗೂ ಮಾಸ್ಕ್ ಬಿಡಲಿಲ್ಲ. ಆರು ತಿಂಗಳು ತುಂಬುವ ತನಕ ಮಗುವಿಗೆ ಫ್ಲೂ ಲಸಿಕೆ ಹಾಕುವುದಿಲ್ಲ. ಹಾಲೂಡಿಸುವ ತಾಯಿ ಹಾಕಿಸಿಕೊಳ್ಳಬಹುದು. ಪೂರ್ತಿ ಗುಣವಾದ ಮೇಲೆ ನಾನೂ ನನ್ನವರೂ ಒಂದೇ ದಿನ ಹೋಗಿ ಹಾಕಿಸಿಕೊಂಡು ಬಂದೆವು.