ಬಲ್ಬು ಹತ್ತುವ ಪಾಠ, ಮೂರು ಸೆಕೆಂಡಿನ ಮೌನ

ವಿಜ್ಞಾನದ ಪೀರಿಯಡ್‌ನಲ್ಲಿ ಗಲಾಟೆ ಎದ್ದಾಗ ನಾನು ಮೊದಲು ಗಮನಿಸುವುದು ನನ್ನ ಪ್ರಶ್ನೆಗಳ ವೇಗ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಾಥಮಿಕ ವಿಜ್ಞಾನ ತರಗತಿಗಳನ್ನು ಅಭ್ಯಸಿಸಿ ಬರೆದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. ಅದನ್ನು 3 ಸೆಕೆಂಡ್‌ಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ದಡ್ಡರೆಂದು ಕೈಬಿಟ್ಟ ಮಕ್ಕಳೂ ಬಾಯಿ ತೆರೆಯುತ್ತಾರೆ, ಗದರುವ ಅಗತ್ಯ ಕಡಿಮೆಯಾಗುತ್ತದೆ.

ಆರನೇ ತರಗತಿಯ ವಿದ್ಯುತ್ ಪಾಠದಲ್ಲಿ ನಾನು ಅನುಸರಿಸುವ ಕ್ರಮ ಇದು. ಸಾಮಾನು ಹಂಚುವ ಮೊದಲೇ ಪ್ರಶ್ನೆ: ‘ಒಂದು ಸೆಲ್, ಒಂದು ಬಲ್ಬು, ಒಂದೇ ವೈರು. ಹೇಗೆ ಹತ್ತಿಸ್ತೀರಿ? ಚಿತ್ರ ಬರೀರಿ.’ 3 ನಿಮಿಷ, ಮಾತಿಲ್ಲ. ಸೆಲ್ ಕೈಗೆ ಬಂದಮೇಲೆ ಸೂಚನೆ ಕೊಟ್ಟರೆ ಯಾರ ಕಿವಿಗೂ ಬೀಳುವುದಿಲ್ಲ. ಬಹುತೇಕ ಮಕ್ಕಳು ಸೆಲ್ಲಿನ ಒಂದೇ ತುದಿಯಿಂದ ಬಲ್ಬಿಗೆ ವೈರು ಎಳೆದಿರುತ್ತಾರೆ. ಅದನ್ನು ತಿದ್ದಬೇಡಿ, ಬಲ್ಬೇ ತಿದ್ದುತ್ತದೆ.

ನಾಲ್ಕು ಮಕ್ಕಳ ಗುಂಪಿಗೆ 1.5 ವೋಲ್ಟ್ ಸೆಲ್, ಟಾರ್ಚ್ ಬಲ್ಬು, 15 ಸೆಂ.ಮೀ. ವೈರು, ವೈರಿನ ಎರಡೂ ತುದಿಯಲ್ಲಿ 2 ಸೆಂ.ಮೀ. ಸಿಪ್ಪೆ ಸುಲಿದಿರಬೇಕು. ಗುಂಪಿನಲ್ಲಿ ಆರು ಮಂದಿಯಾದರೆ ಇಬ್ಬರಿಗೆ ಕೆಲಸವಿಲ್ಲ, ಕೀಟಲೆ ಅವರಿಂದಲೇ ಶುರು. ಬಿಳಿ ಎಲ್‌ಇಡಿ ಬೇಡ: ಅದಕ್ಕೆ ಸುಮಾರು 3 ವೋಲ್ಟ್ ಬೇಕು, ಒಂದು ಸೆಲ್ಲಿಗೆ ಹತ್ತದು, ಮಕ್ಕಳು ಬೇಸತ್ತು ಗಮನ ಬಿಡುತ್ತಾರೆ. ಬಲ್ಬಿಲ್ಲದೆ ವೈರಿನಿಂದ ಸೆಲ್ಲಿನ ಎರಡೂ ತುದಿ ಜೋಡಿಸುವವರು ಇದ್ದೇ ಇರುತ್ತಾರೆ. ವೈರು ಬಿಸಿಯಾಗಿ ಸೆಲ್ ಬೇಗ ಸೊರಗುತ್ತದೆ. ‘ಬಿಸಿ ಅನಿಸಿದ್ರೆ ಬಿಟ್ಬಿಡಿ, ಗೋಡೆಯ ಪ್ಲಗ್ಗಿಗೆ ಮಾತ್ರ ಕೈ ಹಾಕಬೇಡಿ’ ಎಂದು ಮೊದಲೇ ಹೇಳುತ್ತೇನೆ.

ಹತ್ತಿಸಿದ ಗುಂಪಿಗೆ ‘ಶಭಾಷ್’ ಅಂದರೆ ಉಳಿದವರು ಯೋಚಿಸುವುದು ಬಿಟ್ಟು ಅವರದನ್ನು ನಕಲು ಮಾಡುತ್ತಾರೆ. ‘ವೈರು ಬಲ್ಬಿನ ಯಾವ ಜಾಗ ಮುಟ್ಟಿದೆ?’ ಎಂದು ಕೇಳಿ ಸುಮ್ಮನಾಗಬೇಕು. ಬುಡದ ಚುಕ್ಕೆ, ಪಕ್ಕದ ಲೋಹ ಎರಡೂ ಬೇಕೆಂಬುದು ಅವರ ಬಾಯಿಂದಲೇ ಬರಲಿ. ಉತ್ತರ ಬಂದ ಮೇಲೂ 3 ಸೆಕೆಂಡ್ ತಡೆದರೆ ಇನ್ನೊಬ್ಬರು ‘ಇಲ್ಲ ಸಾರ್, ನಮ್ದು ಬೇರೆ ಥರ’ ಅಂತ ಸೇರಿಸುತ್ತಾರೆ. ಹೆಸರು ಕರೆಯುವುದು ಪ್ರಶ್ನೆಯ ನಂತರ. ಮೊದಲೇ ಕರೆದರೆ ಉಳಿದ ಮೂವತ್ತೊಂಬತ್ತು ಮಂದಿಗೆ ರಜೆ. ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯನ್ನಂತೂ ಕೇಳುವುದೇ ಇಲ್ಲ, ‘ಹ್ಞೂಂ ಸಾರ್’ ಎಂಬ ಕೋರಸ್ಸಿನಿಂದ ಏನೂ ತಿಳಿಯದು.

ಎಲ್ಲ ಪ್ರಶ್ನೆಗೂ ಕಾಯಬೇಕಿಲ್ಲ. ‘ಸೆಲ್ಲಿನ ಧನ ತುದಿ ಯಾವುದು?’ ಎಂಬಂಥದಕ್ಕೆ ಮೌನ ಎಳೆದರೆ ಹಿಂದಿನ ಬೆಂಚಿನಲ್ಲಿ ಒದೆದಾಟ ಶುರುವಾಗುತ್ತದೆ.