ಕಫ ತೆಗೆಯುವ ಮೊದಲು, ಅದರಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಬೆಳಿಗ್ಗೆ ನಮ್ಮ ಅಕ್ಕನ ಮಗಳು ಲೋಟಕ್ಕೆ ಉಗುಳುವ ಕಫ ಹಸಿರಾಗಿರುತ್ತದೆ. ಲೋಟ ವಾಲಿಸಿದರೂ ಜಾರುವುದಿಲ್ಲ, ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಅಂಟಿಕೊಂಡಿರುತ್ತದೆ. ಅವಳಿಗೆ ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಕೂರುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಅಷ್ಟೊಂದು ಅಂಟಿಗೆ ರೋಗಾಣುಗಳೇ ಕಾರಣ ಅಂದುಕೊಂಡಿದ್ದೆ. ಆದರೆ ಅದರಲ್ಲಿ ದೊಡ್ಡ ಪಾಲು ಅವಳದೇ ಬಿಳಿ ರಕ್ತಕಣಗಳದ್ದು.

ಈ ಕಾಯಿಲೆಯಲ್ಲಿ ಕೆಟ್ಟಿರುವುದು ಸಿಎಫ್‌ಟಿಆರ್ ಅನ್ನುವ ಜೀನ್. 1989ರಲ್ಲಿ ಅದನ್ನು ಪತ್ತೆ ಹಚ್ಚಿದರು. ಜೀವಕೋಶದಿಂದ ಕ್ಲೋರೈಡ್ ಹೊರಗೆ ಹೋಗುವ ದಾರಿ ಇದರಿಂದ ತಯಾರಾಗುತ್ತದೆ. ಆ ದಾರಿ ಕಟ್ಟಿದರೆ ಶ್ವಾಸನಾಳದ ಒಳಗೆ ನೀರಿನಂಶ ಸಾಲುವುದಿಲ್ಲ, ಕಫ ಗಟ್ಟಿಯಾಗಿ ಕೂರುತ್ತದೆ, ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡುತ್ತವೆ. ಆಗ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಹಿಂಡು ಹಿಂಡಾಗಿ ನುಗ್ಗುತ್ತವೆ. ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ, ಈ ಕಣಗಳು ಬರುವುದೂ ನಿಲ್ಲುವುದಿಲ್ಲ. ಇವು ಚೆಲ್ಲುವ ಎಲಾಸ್ಟೇಸ್ ಅನ್ನುವ ಕಿಣ್ವ ಶ್ವಾಸನಾಳದ ಗೋಡೆಯನ್ನೇ ಕೊರೆಯುತ್ತದೆ, ಇನ್ನಷ್ಟು ನ್ಯೂಟ್ರೋಫಿಲ್‌ಗಳನ್ನೂ ಕರೆಸುತ್ತದೆ. ಸತ್ತ ಕಣಗಳನ್ನು ನುಂಗಿ ಜಾಗ ಚೊಕ್ಕ ಮಾಡಬೇಕಾದ ಮ್ಯಾಕ್ರೋಫೇಜ್‌ಗಳ ಕೈಲಿ ಇಷ್ಟೊಂದನ್ನು ನಿಭಾಯಿಸಲು ಆಗುವುದಿಲ್ಲ. ಒಡೆದ ಕಣಗಳ ಡಿಎನ್‌ಎ ದಾರದ ಹಾಗೆ ಹೊರಚೆಲ್ಲಿ ಕಫಕ್ಕೆ ಹೆಣೆದುಕೊಳ್ಳುತ್ತದೆ. ಲೋಟದಲ್ಲಿ ಕಾಣುವ ಎಳೆ ಅದೇ. ಹಸಿರು ಬಣ್ಣ ಕೂಡ ಬಹುಪಾಲು ನ್ಯೂಟ್ರೋಫಿಲ್‌ನ ಒಂದು ಕಿಣ್ವದ್ದು.

ಇದು ತಲೆಯಲ್ಲಿದ್ದರೆ ಮನೆಯಲ್ಲಿ ಮಾಡುವ ಕೆಲಸದ ಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಔಷಧ ಯಾವುದು, ಎಷ್ಟು ಅನ್ನುವುದು ಮಾತ್ರ ನಿಮ್ಮ ಡಾಕ್ಟರ್ ಹೇಳಿದ ಹಾಗೆಯೇ ಇರಲಿ.

ಮೊದಲು ಶ್ವಾಸನಾಳ ಅಗಲ ಮಾಡುವ ಔಷಧ ಕೊಡಿ. ಸ್ವಲ್ಪ ಹೊತ್ತು ಬಿಟ್ಟು ನೆಬ್ಯುಲೈಸರ್‌ನಲ್ಲಿ (ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಗಾಢ ಉಪ್ಪುನೀರು, ಅಂದರೆ ಹೈಪರ್‌ಟಾನಿಕ್ ಸಲೈನ್. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ, ಕಫ ನೆನೆಯುತ್ತದೆ. ಮನೆಯಲ್ಲಿ ಉಪ್ಪು ಕಲಸಿ ಮಾಡಲು ಹೋಗಬೇಡಿ.

ಆಮೇಲೆ ಫಿಸಿಯೋಥೆರಪಿ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಿ ಮುಗಿಸಬೇಡಿ, ಇಡೀ ಬೆಳಗಿನ ಕೆಲಸದಲ್ಲಿ ಇದೇ ಮುಖ್ಯ ಅಂತ ನನಗೆ ಅನಿಸುತ್ತದೆ. ಮಗುವನ್ನು ಕೂರಿಸಿ, ಉಸಿರು ಎಳೆದುಕೊಂಡು ಕನ್ನಡಿಗೆ ಆವಿ ಹಿಡಿಸುವ ಹಾಗೆ ಬಾಯಿ ತೆರೆದು 'ಹಾ' ಅಂತ ಜೋರಾಗಿ ಬಿಡಲು ಹೇಳಿ. ಎರಡು ಮೂರು ಸಲ ಆದ ಮೇಲೆ ಕೆಮ್ಮಲಿ. ನಡುವೆ ನಿಧಾನವಾಗಿ ಉಸಿರಾಡಲಿ. ಸುಸ್ತಾದ ಮಗುವಿಗೆ ಗದರಬೇಡಿ, ಅದು ದಿನಾ ಎಷ್ಟು ಕಷ್ಟಪಡುತ್ತಿದೆ ಅಲ್ವಾ.

ಡಾರ್ನೇಸ್ ಆಲ್ಫಾ ಬರೆದಿದ್ದರೆ ಅದನ್ನು ಬೇರೆ ಔಷಧದ ಜೊತೆ ಬೆರೆಸದೆ ಕೊಡಿ, ಫ್ರಿಡ್ಜ್‌ನಲ್ಲಿಡಿ. ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಪಡೆದ ಈ ಔಷಧ ಆ ಡಿಎನ್‌ಎ ದಾರಗಳನ್ನೇ ಕತ್ತರಿಸುತ್ತದೆ. ಫಿಸಿಯೋಥೆರಪಿಗೆ ಮೊದಲೋ ಆಮೇಲೋ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಉಸಿರಲ್ಲಿ ಎಳೆದುಕೊಳ್ಳುವ ಆ್ಯಂಟಿಬಯೋಟಿಕ್ ಇದ್ದರೆ ಕೊನೆಗೆ. ಕಫ ಹೊರಗೆ ಬಂದಷ್ಟೂ ಅದು ಒಳಗೆ ತಲುಪುತ್ತದೆ.

ನೆಬ್ಯುಲೈಸರ್ ಕಪ್ ಸೋಪಿನಲ್ಲಿ ತೊಳೆಯಿರಿ. ಅದರ ಜೊತೆ ಬಂದ ಚೀಟಿಯಲ್ಲಿ ಕುದಿಸಬಹುದು ಅಂತಿದ್ದರೆ 5 ನಿಮಿಷ ಕುದಿಸಿ. ಆಮೇಲೆ ಶುಭ್ರ ಬಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ಹಾಕಿ. ಸ್ಯೂಡೋಮೊನಾಸ್‌ಗೆ ತೇವ ಅಂದರೆ ಬಲು ಇಷ್ಟ.